ಧಾರಣೆಯ ಮೇಣಬತ್ತಿ ಓದುವ ಬಗೆ

ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಎರೆಭೂಮಿಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮುಖ್ಯ ಬೆಳೆಗಳು. ರಾಶಿ ಮುಗಿದ ಮೇಲೆ ಇಂದೇ ಮಾರಬೇಕೋ, ಎಂಟು ದಿನ ತಡೆಯಬೇಕೋ ಎಂಬ ಪ್ರಶ್ನೆ ಮನೆಮನೆಯಲ್ಲೂ ಏಳುತ್ತದೆ. ಇದಕ್ಕೆ ಉತ್ತರವೆಂಬಂತೆ ಈಗ ಮೊಬೈಲಿನಲ್ಲಿ ಕೆಂಪು, ಹಸಿರು ಮೇಣಬತ್ತಿಗಳ ನಕ್ಷೆ ಬರುತ್ತಿದೆ. ಅದನ್ನು ಓದುವ ಬಗೆ ರೈತ ಬಾಂಧವರಿಗೆ ತಿಳಿದಿರುವುದು ಒಳ್ಳೆಯದು.

ಅಕ್ಕಿ ಪೇಟೆಯ ಕೊಡುಗೆ

ಇದು ಜಪಾನಿನ ಅಕ್ಕಿ ವ್ಯಾಪಾರದೊಡನೆ ಬೆಳೆದ ಪದ್ಧತಿ. ಒಸಾಕಾದ ದೋಜಿಮಾ ಪೇಟೆಯಲ್ಲಿ ಅಕ್ಕಿಯ ವಾಯಿದೆ ವ್ಯಾಪಾರಕ್ಕೆ ಅಲ್ಲಿನ ಸರಕಾರ 1730ರಲ್ಲಿ ಮನ್ನಣೆ ಕೊಟ್ಟಿತು. ಆ ಶತಮಾನದ ಅಕ್ಕಿ ವ್ಯಾಪಾರಿ ಹೊಮ್ಮಾ ಮುನೆಹಿಸನ ಹೆಸರನ್ನು ಈ ನಕ್ಷೆಯೊಡನೆ ಹೇಳುವುದುಂಟು.

ಒಂದು ಬತ್ತಿಯಲ್ಲಿ ನಾಲ್ಕು ಧಾರಣೆಗಳಿರುತ್ತವೆ: ಆರಂಭದ್ದು, ಕೊನೆಯದು, ಅತಿ ಹೆಚ್ಚಿನದು, ಅತಿ ಕಡಿಮೆಯದು. ಆರಂಭ ಮತ್ತು ಕೊನೆಯ ನಡುವಿನ ದಪ್ಪ ಭಾಗ ಬತ್ತಿಯ ಮೈ; ಮೇಲೆ ಕೆಳಗೆ ಚಾಚಿದ ಗೆರೆಗಳು ಏರಿಳಿತದ ತುದಿಗಳು. ಕೊನೆಯ ಧಾರಣೆ ಹೆಚ್ಚಿದ್ದರೆ ಹಸಿರು, ಕಡಿಮೆಯಿದ್ದರೆ ಕೆಂಪು.

ಉದಾಹರಣೆಗೆ, ಕೆಲವು ವಾರ ಇಳಿಯುತ್ತ ಬಂದ ಕಡಲೆ ಸೋಮವಾರ ಕ್ವಿಂಟಲಿಗೆ 5400 ರೂ. ಇದ್ದು, ಬುಧವಾರ 5200ಕ್ಕೆ ಕುಸಿದು, ಶುಕ್ರವಾರ 5460 ಮುಟ್ಟಿ, ಶನಿವಾರ 5450ಕ್ಕೆ ನಿಂತಿತೆನ್ನಿ. ಆಗ ಚಿಕ್ಕ ಮೈ, ಉದ್ದ ಬಾಲದ ಬತ್ತಿಯಾಗುತ್ತದೆ. ಇದಕ್ಕೆ ಸುತ್ತಿಗೆ ಎಂದು ಹೆಸರು. ಕೆಳಗಿನ ಧಾರಣೆಗೆ ಕೊಳ್ಳುವವರು ಮುಂದೆ ಬಂದರೆಂದು ಅರ್ಥ. ಮುಂದಿನ ವಾರವೂ ಏರಿದರೆ ಮಾತ್ರ ಆ ಸೂಚನೆಗೆ ಬಲ.

ಎಡವುವ ಜಾಗ

ಮಾರುಕಟ್ಟೆ ಸಮಿತಿಯ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಧಾರಣೆಗಳಿರುತ್ತವೆ. ಕನಿಷ್ಠ, ಗರಿಷ್ಠಗಳಿಂದಲೇ ಬತ್ತಿ ಬರೆದರೆ ಲೆಕ್ಕ ತಪ್ಪುತ್ತದೆ. ಮಳೆಗೆ ಸಿಕ್ಕು ಬಣ್ಣಗೆಟ್ಟ ಹೆಸರಿಗೂ ಒಣಗಿದ ಹಸನಾದ ಹೆಸರಿಗೂ ಒಂದೇ ದಿನ ಬೇರೆ ಬೇರೆ ಬೆಲೆ. ಆ ಅಂತರ ಮಾಲಿನ ಗುಣದ್ದು, ಪೇಟೆಯ ಏರಿಳಿತದ್ದಲ್ಲ. ಆದ್ದರಿಂದ ಒಂದೇ ಮಾರುಕಟ್ಟೆಯ, ಒಂದೇ ತಳಿಯ ಮಾದರಿ ಧಾರಣೆಯನ್ನು ದಿನವೂ ಬರೆದಿಟ್ಟು ವಾರಕ್ಕೊಂದು ಬತ್ತಿ ಬರೆಯಿರಿ.

ಬತ್ತಿ ಹೇಳುವುದು ನಡೆದುಹೋದದ್ದನ್ನು. ಸರಕಾರದ ನಾಳಿನ ಆದೇಶ ಅದಕ್ಕೆ ಗೊತ್ತಿಲ್ಲ. 2021ರ ಆಗಸ್ಟಿನಲ್ಲಿ ಕಡಲೆಯ ಹೊಸ ವಾಯಿದೆ ವ್ಯವಹಾರವನ್ನು ಸೆಬಿ ತಡೆಯಿತು. ಡಿಸೆಂಬರಿನಲ್ಲಿ ಹೆಸರೂ ಆ ಪಟ್ಟಿಗೆ ಸೇರಿತು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಹಳದಿ ಬಟಾಣಿಯನ್ನು ಸುಂಕವಿಲ್ಲದೆ ತರಿಸಲು ಬಿಟ್ಟಿತು. ಕಡಲೆಯ ಜಾಗಕ್ಕೆ ಬಟಾಣಿ ಬಂದರೆ ಕಡಲೆಯ ಬೇಡಿಕೆಗೆ ಪೆಟ್ಟು.

ರಾಶಿಯ ಹಣವನ್ನು ಬತ್ತಿ ನಂಬಿ ಷೇರು ವಾಯಿದೆಗೆ ಹಾಕುವ ಯುವಕರು ಒಂದು ಲೆಕ್ಕ ನೆನಪಿಡಬೇಕು. 2024ರ ಸೆಬಿ ಅಧ್ಯಯನದಂತೆ, ಅದರ ಹಿಂದಿನ 3 ಆರ್ಥಿಕ ವರ್ಷಗಳಲ್ಲಿ ಷೇರು ವಾಯಿದೆ ಮತ್ತು ಆಪ್ಷನ್ ವ್ಯವಹಾರಕ್ಕಿಳಿದ ಬಿಡಿ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿ ನಷ್ಟ ಕಂಡರು.

ಮಾಲು ತಡೆಯುವ ಮುನ್ನ ನುಸಿ, ಸಾಲದ ಬಡ್ಡಿ, ಗೋದಾಮಿನ ಬಾಡಿಗೆ ಕೂಡಿಸಿ ನೋಡಿರಿ. ಆ ವರ್ಷದ ಬೆಂಬಲ ಬೆಲೆಯನ್ನೂ ಪಕ್ಕಕ್ಕೆ ಬರೆಯಿರಿ. 2025-26ರ ಮಾರಾಟ ಹಂಗಾಮಿಗೆ ಕಡಲೆಗೆ ಅದು ಕ್ವಿಂಟಲಿಗೆ 5650 ರೂ. ಇತ್ತು. ಸಾಲಕ್ಕೆ ಬೇಕಾದಷ್ಟನ್ನು ಮೊದಲು ಮಾರಿ, ಉಳಿದದ್ದನ್ನು ಎರಡು ಮೂರು ಕಂತಿನಲ್ಲಿ ಮಾರುವುದು ಕ್ಷೇಮ. ಒಂದೇ ಬತ್ತಿಯ ಮೇಲೆ ಇಡೀ ರಾಶಿಯನ್ನು ಪಣಕ್ಕಿಡಬಾರದು.