ತಂಗಳು ಪಾಸ್ತಾಕ್ಕೆ ಮರುಜೀವ

ಈಸ್ಟರ್ ಹಬ್ಬದ ಮರುದಿನ ಇಟಲಿಯ ನೇಪಲ್ಸ್ ನಗರದವರು ಮನೆಯಲ್ಲಿ ಕೂರಲು ಇಷ್ಟಪಡುವುದಿಲ್ಲ. ಆ ಸೋಮವಾರ ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿಗಳ ಸಮೇತ ತೋಟಕ್ಕೋ ಕಡಲತೀರಕ್ಕೋ ಹೊರಟುಬಿಡುತ್ತಾರೆ. ಆ ಬುತ್ತಿಯಲ್ಲಿ ತಪ್ಪದೆ ಕಾಣುವ ತಿನಿಸೊಂದಿದೆ. ನೋಡಲು ಹೊಂಬಣ್ಣದ ದಪ್ಪ ದೋಸೆ. ಕತ್ತರಿಸಿದರೆ ಒಳಗೆ ಒಂದಕ್ಕೊಂದು ಹೆಣೆದುಕೊಂಡ ಪಾಸ್ತಾದ ಎಳೆಗಳು. ಹೆಸರು 'ಫ್ರಿತ್ತಾತಾ ದಿ ಮಕ್ಕೆರೋನಿ'. ಅದರ ಮೂಲ, ಹಿಂದಿನ ದಿನ ಪಾತ್ರೆಯಲ್ಲಿ ಮಿಕ್ಕ ಪಾಸ್ತಾ!

ಪಾಸ್ತಾ ಹುಟ್ಟಿದ್ದೇ ಕೆಡದೆ ಉಳಿಯಲೆಂದು. ಅರಬ್ ಭೂಗೋಳಜ್ಞ ಅಲ್ ಇದ್ರೀಸಿ ಸಿಸಿಲಿಯ ದೊರೆ ಎರಡನೇ ರೋಜರನ ಆಶ್ರಯದಲ್ಲಿದ್ದವನು. 1154ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಅವನು ಪಲೆರ್ಮೊ ಸಮೀಪದ ತ್ರಾಬಿಯಾ ಎಂಬ ಊರನ್ನು ಹೆಸರಿಸುತ್ತಾನೆ. ಅಲ್ಲಿ 'ಇತ್ರಿಯ' ಎಂಬ ಹಿಟ್ಟಿನ ಎಳೆಗಳನ್ನು ಹೇರಳವಾಗಿ ತಯಾರಿಸಿ ಹಡಗುಗಳಲ್ಲಿ ದೂರದ ನಾಡುಗಳಿಗೆ ಕಳಿಸುತ್ತಿದ್ದರಂತೆ. ಗಟ್ಟಿ ಗೋಧಿಯ ಹಿಟ್ಟನ್ನು ಹೊಸೆದು ಒಣಗಿಸಿಟ್ಟರೆ ತಿಂಗಳುಗಟ್ಟಲೆ ಚಿಂತೆಯಿಲ್ಲ. ಬೇಸಿಗೆಯಲ್ಲಿ ಶಾವಿಗೆ ಹೊಸೆದು ಬಿಸಿಲಿಗೆ ಹರವುವ ನಮ್ಮ ಉತ್ತರ ಕರ್ನಾಟಕದ ಹೆಂಗಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಒಮ್ಮೆ ನೀರಿನಲ್ಲಿ ಬೆಂದಿತೆಂದರೆ ಆ ಬಾಳಿಕೆಯೆಲ್ಲ ಮುಗಿಯಿತು. ಬಡತನ ಕಂಡ ಮನೆಗಳಲ್ಲಿ ಮಿಕ್ಕದ್ದನ್ನು ಚೆಲ್ಲುವ ಮಾತೇ ಇರಲಿಲ್ಲ. ಬೊಲೋನ್ಯದ ಕವಿ ಹಾಗೂ ಗ್ರಂಥಪಾಲಕ ಒಲಿಂದೋ ಗ್ವೆರ್ರೀನಿ, ಊಟದಲ್ಲಿ ಮಿಕ್ಕದ್ದನ್ನು ಬಳಸುವ ಕಲೆಯ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದ. ಅದು ಅಚ್ಚಾದದ್ದು ಅವನ ಮರಣಾನಂತರ, 1918ರಲ್ಲಿ. ಮೊದಲ ಮಹಾಯುದ್ಧದಿಂದ ಇಟಲಿ ಬಸವಳಿದಿದ್ದ ವರ್ಷ.

ತಣಿದ ಪಾಸ್ತಾ ಗಟ್ಟಿಯಾಗುವುದೇಕೆ? ಕಾರಣ ಅದರಲ್ಲಿರುವ ಪಿಷ್ಟ. ಬೇಯುವಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಒಳಗಿನ ಬಿಗಿ ಜೋಡಣೆ ಸಡಿಲವಾಗುತ್ತದೆ. ತಣಿದಂತೆ ಅದೇ ಅಣುಸರಪಳಿಗಳು ಮತ್ತೆ ಒತ್ತೊತ್ತಾಗಿ ಸಾಲುಗಟ್ಟಿ ನಿಲ್ಲುತ್ತವೆ. ರೆಫ್ರಿಜರೇಟರಿನ ತಂಪಿನಲ್ಲಿ ಈ ಕ್ರಿಯೆ ಇನ್ನೂ ಚುರುಕು. ರಾತ್ರಿಯ ಅನ್ನ ಬೆಳಿಗ್ಗೆ ಉದುರುದುರಾಗಿ ಚಿತ್ರಾನ್ನಕ್ಕೆ ಹದವಾಗುವುದೂ ಇದೇ ಕಾರಣಕ್ಕೆ.

ಮತ್ತೆ ಬಿಸಿ ಮಾಡಿದಾಗ ಈ ಜೋಡಣೆಯ ಒಂದು ಭಾಗ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬಿಟ್ಟುಕೊಟ್ಟು ಎಳೆ ಮೆದುವಾಗುತ್ತದೆ. ಆದರೆ ಹೊರಮೈಯ ತೇವ ಆಗಲೇ ಆರಿರುತ್ತದೆ, ಸಾರವನ್ನು ಪಾಸ್ತಾ ಹೀರಿಕೊಂಡಿರುತ್ತದೆ. ಆದ್ದರಿಂದ ಮರುಬಿಸಿಯ ಮೊದಲ ಸೂತ್ರ: ಹೋದ ನೀರನ್ನು ಹಿಂದಿರುಗಿಸುವುದು. ಟೊಮೇಟೊ ಸಾರದ ಪಾಸ್ತಾ ಆದರೆ ಬಾಣಲೆಗೆ ಎರಡು ಮೂರು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿಟ್ಟರೆ ಸಾಕು. ಮೈಕ್ರೋವೇವ್ ಒಲೆಯಲ್ಲೂ ಅಷ್ಟೇ. ನಡುವೆ ಒಮ್ಮೆ ಕಲಕದಿದ್ದರೆ ಅಂಚು ಸುಟ್ಟು ನಡುಭಾಗ ತಣ್ಣಗೇ ಉಳಿದೀತು. ಸಾರ ಬೆರೆಸದ ಬರೀ ಪಾಸ್ತಾವನ್ನು ಕುದಿವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆಯಬಹುದು. ಕೆನೆ, ಚೀಸ್ ಇರುವುದಕ್ಕೆ ಅವಸರ ಕೂಡದು. ಉರಿ ಹೆಚ್ಚಾದರೆ ಜಿಡ್ಡು ಬೇರ್ಪಡುತ್ತದೆ. ಅದಕ್ಕೆ ಒಂದಿಷ್ಟು ಹಾಲು ಹಾಕುವುದು ಲೇಸು.

ನೇಪಲ್ಸ್‌ನವರ ದಾರಿ ಇದಕ್ಕೆ ವಿರುದ್ಧ. ಗಟ್ಟಿಯಾದದ್ದನ್ನು ಮೆದು ಮಾಡುವ ಗೋಜಿಗೆ ಹೋಗದೆ, ಆ ಗಟ್ಟಿತನವನ್ನೇ ಗುಣವಾಗಿಸುತ್ತಾರೆ. ಒಡೆದ ಮೊಟ್ಟೆ, ತುರಿದ ಚೀಸ್, ಮೆಣಸಿನ ಪುಡಿ ಬೆರೆಸಿ, ಎಣ್ಣೆ ಕಾದ ಬಾಣಲೆಗೆ ಸುರಿದು, ಎರಡೂ ಕಡೆ ಗರಿಗರಿಯಾಗುವಂತೆ ಹುರಿಯುತ್ತಾರೆ. ಬಿಸಿಬಿಸಿ ಪಾಸ್ತಾದಲ್ಲಿ ಇದು ಇಷ್ಟು ಚೆನ್ನಾಗಿ ಬರುವುದಿಲ್ಲ.

ತಣಿಸಿದ ಪಾಸ್ತಾದ ಇನ್ನೊಂದು ಗುಣ ಈಚಿನ ದಶಕಗಳಲ್ಲಿ ಕುತೂಹಲ ಕೆರಳಿಸಿದೆ. ಮರಳಿ ಸಾಲುಗಟ್ಟಿದ ಪಿಷ್ಟದ ಇನ್ನೊಂದು ಭಾಗ ಕುದಿನೀರಿನ ಶಾಖಕ್ಕೂ ಪೂರ್ತಿ ಬಿಚ್ಚಿಕೊಳ್ಳದು. ಅದು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ನಾರಿನಂತೆ ಮುಂದೆ ಸಾಗುತ್ತದೆ. 2014ರಲ್ಲಿ ಬಿಬಿಸಿ ಟೆಲಿವಿಷನ್ ಕಾರ್ಯಕ್ರಮವೊಂದಕ್ಕಾಗಿ ನಡೆಸಿದ ಪರೀಕ್ಷೆಯಲ್ಲಿ, ತಣಿಸಿ ಮತ್ತೆ ಬಿಸಿ ಮಾಡಿದ ಪಾಸ್ತಾ ತಿಂದವರ ರಕ್ತದಲ್ಲಿ ಸಕ್ಕರೆ ಏರಿದ್ದು ಕಡಿಮೆ. ಪರೀಕ್ಷೆಗೆ ಒಳಪಟ್ಟವರು ಕೆಲವೇ ಮಂದಿಯಾದ್ದರಿಂದ, ಮಧುಮೇಹಿಗಳು ಇದನ್ನೇ ನೆಪ ಮಾಡಿಕೊಂಡು ಎರಡು ತಟ್ಟೆ ಬಡಿಸಿಕೊಳ್ಳುವಂತಿಲ್ಲ.

ಇಷ್ಟೆಲ್ಲ ಹೇಳಿ ಒಂದು ಎಚ್ಚರಿಕೆಯ ಮಾತು ಬಿಟ್ಟರೆ ತಪ್ಪಾದೀತು. 2008ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ, ಐದು ದಿನಗಳಿಂದ ಅಡುಗೆಮನೆಯಲ್ಲಿ ಹೊರಗೇ ಇಟ್ಟಿದ್ದ ಸ್ಪಗೆಟಿಯನ್ನು ಬಿಸಿ ಮಾಡಿ ತಿಂದ. ಅರ್ಧ ಗಂಟೆಯಲ್ಲಿ ತಲೆನೋವು, ಹೊಟ್ಟೆನೋವು, ನಂತರ ವಾಂತಿ. ಬೆಳಗಾಗುವುದರೊಳಗೆ ಜೀವ ಹೋಗಿತ್ತು. ವೈದ್ಯರು ಈ ಪ್ರಕರಣವನ್ನು 2011ರಲ್ಲಿ ವೈಜ್ಞಾನಿಕ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಅಪರಾಧಿ 'ಬ್ಯಾಸಿಲಸ್ ಸೀರಿಯಸ್' ಎಂಬ ಬ್ಯಾಕ್ಟೀರಿಯಾ. ಮಣ್ಣಿನಲ್ಲೂ ಧಾನ್ಯದಲ್ಲೂ ಇರುವ ಇದರ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಆಹಾರ ಸಿಕ್ಕರೆ ಮೊಳೆತು ವಿಷ ಕಾರುತ್ತವೆ. ಆ ವಿಷ ಒಲೆಯ ಶಾಖಕ್ಕೆ ನಾಶವಾಗದು. 'ಚೆನ್ನಾಗಿ ಕುದಿಸಿಬಿಟ್ಟರೆ ಸರಿಹೋಗುತ್ತದೆ' ಎಂಬ ನಮ್ಮ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಇಂಥ ಸಾವು ಬಹಳ ಅಪರೂಪ. ಉಪಾಯವೂ ಸುಲಭ: ಬೆಂದ ಎರಡು ಗಂಟೆಯೊಳಗೆ, ಬೇಗ ತಣಿಯುವಂತೆ ಅಗಲ ಪಾತ್ರೆಯಲ್ಲಿ ಹರವಿ, 5 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿಡಬೇಕು. ಎರಡು ಮೂರು ದಿನದೊಳಗೆ, ಹಬೆಯಾಡುವಷ್ಟು ಬಿಸಿ ಮಾಡಿ, ಒಂದೇ ಸಲಕ್ಕೆ ಮುಗಿಸಬೇಕು. ಅನ್ನಕ್ಕೂ ಇದೇ ನಿಯಮ. ಈ ಬ್ಯಾಕ್ಟೀರಿಯಾಕ್ಕೆ ಅಕ್ಕಿ, ಗೋಧಿ ಎಂಬ ಭೇದವಿಲ್ಲ.

ಮಿಕ್ಕ ಪಾಸ್ತಾದ ಭವಿಷ್ಯ ನಿರ್ಧಾರವಾಗುವುದು ಮರುದಿನ ಒಲೆಯ ಮುಂದೆ ಅಲ್ಲ. ಊಟ ಮುಗಿಸಿ ಕೈತೊಳೆದ ಮೇಲೆ ಪಾತ್ರೆಯನ್ನು ಎಲ್ಲಿಟ್ಟೆವು ಎಂಬಲ್ಲಿ. ಅಷ್ಟು ಜಾಗ್ರತೆ ವಹಿಸಿದರೆ, ನಿನ್ನೆಯದೆಂದು ಮೂಗು ಮುರಿಯುವವರೂ ನಾಳೆ ಇನ್ನೊಂದು ತುಂಡು ಕೇಳಿಯಾರು.