ಏಟು ಹೊರಡುವುದು ಪಾದದಿಂದ

ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಇಷ್ಟು ವರ್ಷವಾದರೂ ಶಿಕಾರಿಪುರದಿಂದ ಸೊರಬದವರೆಗೆ ಆ ಕೋಲು ಹಿಡಿದವರೊಬ್ಬರನ್ನೂ ನಾನು ಕಂಡಿಲ್ಲ. ಆದರೆ ಗಾಲ್ಫ್ ಗುರುಗಳು ಕಲಿಸಲು ಹೆಣಗುವ ಬೀಸು ಇಲ್ಲಿನ ಹಿತ್ತಿಲುಗಳಲ್ಲಿ ಪ್ರತಿ ಬೇಸಿಗೆ ಕಾಣಸಿಗುತ್ತದೆ.

ಮಳೆ ಹಿಡಿಯುವ ಮುಂಚೆ ಸೌದೆ ಒಡೆಯುವವರನ್ನು ನೋಡಿ. ಹೊಸಬ ಬರೀ ತೋಳಿನಿಂದ ಹೊಡೆದು ಹತ್ತು ಏಟಿಗೆ ಕೂರುತ್ತಾನೆ. ಪಳಗಿದವನ ಏಟು ಹೊರಡುವುದು ಪಾದದಿಂದ. ಅವನು ನೆಲ ಒತ್ತುತ್ತಾನೆ; ಆ ಬಲ ಸೊಂಟ, ಎದೆ, ಹೆಗಲು ದಾಟಿ ಕಟ್ಟಕಡೆಗೆ ಮಣಿಕಟ್ಟಿಗೆ ಬರುತ್ತದೆ. ಕೊಡಲಿ ಇಳಿಯುವುದು ಮೇಲಿನಿಂದ, ಗಾಲ್ಫ್ ಕೋಲು ಬರುವುದು ಪಕ್ಕದಿಂದ; ಸರದಿ ಮಾತ್ರ ಒಂದೇ. ಒಳ್ಳೆಯ ಗಾಲ್ಫ್ ಆಟಗಾರನ ಕೋಲು ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಸೊಂಟ ಮುಂದಕ್ಕೆ ತಿರುಗತೊಡಗಿರುತ್ತದೆ.

ಸರದಿಯಿಂದ ಲಾಭವೇನು? ಗಾಡಿಯವರ ಬಾರುಕೋಲು ನೆನಪಿಸಿಕೊಳ್ಳಿ. ಬೀಸಿದ ಕೈ ನಿಧಾನವಾದೊಡನೆ ಅದರ ವೇಗ ಹಗ್ಗದ ಹಗುರ ತುದಿಗೆ ಸೇರಿ, ತುದಿ ಶಬ್ದದ ವೇಗವನ್ನೂ ಮೀರುತ್ತದೆ. ಆ ‘ಚಟೀರ್’ ಅದರದೇ ಸದ್ದು. ಗಾಲ್ಫ್‌ನಲ್ಲೂ ತೋಳು ನಿಧಾನಿಸಿದಾಗ ಕೋಲು ಮುನ್ನುಗ್ಗುತ್ತದೆ; ವೃತ್ತಿಪರ ಪುರುಷರ ಕೋಲಿನ ತುದಿ ಗಂಟೆಗೆ ಸುಮಾರು 180 ಕಿಲೋಮೀಟರ್ ಮುಟ್ಟುತ್ತದೆ. ಮಣಿಕಟ್ಟು ಅವಸರಪಟ್ಟು ಮೊದಲೇ ಬಿಚ್ಚಿಕೊಂಡರೆ ಆ ವೇಗ ಚೆಂಡು ಸಿಗುವ ಮುಂಚೆಯೇ ಖರ್ಚು. ಕೋಲು ಕೆಳಗಿಳಿಯಲು ಬೇಕಾದದ್ದು ಕಾಲು ಸೆಕೆಂಡು. 46 ಗ್ರಾಮಿನ ಚೆಂಡಿಗೆ ಅದು ತಾಗಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು. ತಪ್ಪಿತೆಂದು ತಿಳಿಯುವ ಹೊತ್ತಿಗೆ ಚೆಂಡು ಪೊದೆ ಸೇರಿರುತ್ತದೆ!

ಹಾಗಾಗಿ ತಿದ್ದಬೇಕಾದದ್ದು ಬೀಸುವಾಗಲ್ಲ, ನಿಲ್ಲುವಾಗ. ಇದಕ್ಕೆ ಸೊರಬದ ಗದ್ದೆಗೇ ಬರಬೇಕು. ನಟ್ಟಿ ಮಾಡುವ ಅನುಭವಿ ಹೆಂಗಸರನ್ನು ಪಕ್ಕದಿಂದ ಗಮನಿಸಿ: ಬೆನ್ನು ಹಲಗೆಯಂತೆ ನೇರ, ಮಡಚುವುದು ತೊಡೆಯ ಬುಡದ ಕೀಲಿನಲ್ಲಿ. ಗುಂಡು ಬಟ್ಟಲಲ್ಲಿ ಕೂತಂತಿರುವ ಆ ಕೀಲು ಎತ್ತ ಬೇಕಾದರೂ ತಿರುಗುತ್ತದೆ. ಕೆಳಬೆನ್ನಿನ ಐದು ಮೂಳೆಗಳು ಹಾಗಲ್ಲ. ಐದೂ ಸೇರಿ ಒಂದು ಬದಿಗೆ ಹತ್ತು ಡಿಗ್ರಿಯ ಆಸುಪಾಸು ತಿರುಗಿದರೆ ಹೆಚ್ಚು. ಗೂನುಬೆನ್ನಿನಲ್ಲಿ ನಿಂತು ಬೀಸಿದರೆ ಎದೆಯ ಭಾಗವೂ ಸಲೀಸಾಗಿ ತಿರುಗದೆ, ತಿರುಚೆಲ್ಲ ಆ ಐದರ ಮೇಲೆ ಬೀಳುತ್ತದೆ. ಗಾಲ್ಫ್ ಆಡುವವರನ್ನು ಹೆಚ್ಚು ಕಾಡುವುದು ಕೆಳಬೆನ್ನಿನ ನೋವೇ. (ನಟ್ಟಿಯವರಿಗೆ ಬೆನ್ನುನೋವಿಲ್ಲವೆಂದಲ್ಲ, ದಿನವಿಡೀ ಬಾಗಿದ್ದರೆ ಯಾವ ಭಂಗಿಯೂ ಕಾಯದು.)

ಗಾಲ್ಫ್ ಕಲಿಯುತ್ತಿರುವ ನೆಂಟರು ಬೆಂಗಳೂರಿನಲ್ಲಿದ್ದರೆ ಮೇ ತಿಂಗಳಲ್ಲಿ ಊರಿಗೆ ಕರೆಸಿ, ಕೈಗೊಂದು ಕೊಡಲಿ ಕೊಡಿ. ಬೀಸು ಬಾರದಿದ್ದರೂ ಸೌದೆಯಾದರೂ ಒಡೆದೀತು.