ಖಾಲಿ ಗೆರೆಯ ಕೆಳಗೆ ಹೆಬ್ಬೆಟ್ಟು

ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಈ ಬೇಸಿಗೆ ಕಂಡ ಒಂದು ಹಾಳೆ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಆಶಾ ಕಾರ್ಯಕರ್ತೆಯೊಬ್ಬರು ಕರೆದುಕೊಂಡು ಹೋಗಿದ್ದ ಮನೆ ಅದು. ಆ ಮನೆಯ ಹೆಣ್ಣುಮಗಳು ತಮ್ಮ ಆಸ್ಪತ್ರೆ ಕಾಗದಗಳನ್ನೆಲ್ಲ ಸೀರೆ ಅಂಗಡಿಯ ದಪ್ಪ ಕ್ಯಾರಿಬ್ಯಾಗಿನಲ್ಲಿ ತುಂಬಿ, ಟ್ರಂಕಿನೊಳಗೆ ರೇಷನ್ ಕಾರ್ಡಿನ ಪಕ್ಕದಲ್ಲೇ ಜೋಪಾನವಾಗಿ ಇಟ್ಟಿದ್ದರು. ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ಹರವಿದರು. ಸ್ಕ್ಯಾನಿಂಗ್ ರಿಪೋರ್ಟು, ರಕ್ತ ಪರೀಕ್ಷೆಯ ಚೀಟಿ, ಅಕ್ಷರ ಮಾಸಿಹೋದ ಮೆಡಿಕಲ್ ಶಾಪಿನ ಬಿಲ್ಲು, ಡಿಸ್ಚಾರ್ಜ್ ಕಾರ್ಡು. ಅವುಗಳ ನಡುವೆ, ಸಾಮಾನ್ಯವಾಗಿ ಆಸ್ಪತ್ರೆಯವರು ತಮ್ಮಲ್ಲೇ ಇಟ್ಟುಕೊಳ್ಳುವ ಒಂದು ಕಾಗದ ಹೇಗೋ ಸೇರಿ ಬಂದಿತ್ತು. ಶಸ್ತ್ರಚಿಕಿತ್ಸೆಗೆ ಮುಂಚೆ ಬರೆಸಿಕೊಳ್ಳುವ ಸಮ್ಮತಿ ಪತ್ರ.

ಎರಡು ಪುಟ, ಪೂರ್ತಿ ಇಂಗ್ಲಿಷು. ಯಾವ ಆಪರೇಷನ್ ಎಂದು ತುಂಬಬೇಕಾದ ಗೆರೆ ಖಾಲಿ. ಮಾಡುವ ವೈದ್ಯರ ಹೆಸರಿನ ಗೆರೆ ಖಾಲಿ. ತಾರೀಖೂ ಇಲ್ಲ. ಕೊನೆಯಲ್ಲಿ ಗಂಡನ ಸಹಿ, ಅದರ ಕೆಳಗೆ ನೇರಳೆ ಶಾಯಿಯ ಹೆಬ್ಬೆಟ್ಟು.

‘ಇದರಾಗ ಏನ್ ಬರದಾರ ಯಾರರ ಓದಿ ಹೇಳಿದ್ರೇನು?’ ಎಂದು ಕೇಳಿದೆ.

‘ಇಲ್ರಿ ಅಕ್ಕಾರ. ಥಿಯೇಟರಿಗೆ ಕರಕೊಂಡು ಹೋಗೂ ಮುಂದ ನರ್ಸಬಾಯಾರು ಬಂದು ಹೆಬ್ಬೆಟ್ಟು ಒತ್ತು ಅಂದ್ರು, ಒತ್ತಿದೆ. ನಮ್ಮ ಮನಿಯವರು ಮೊದ್ಲ ಸೈ ಮಾಡಿದ್ರು.’

ಆಗ ಅವರಿಗೆ ಮೂವತ್ತೈದು ತುಂಬಿರಲಿಲ್ಲ. ಬಿಳಿಸೆರಗು, ಸೊಂಟನೋವು ಎಂದು ಹೋದವರು. ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೇಳಿದರಂತೆ, ಎರಡೇ ದಿನದಲ್ಲಿ ಗರ್ಭಚೀಲ ತೆಗೆದರಂತೆ. ಅಂಡಾಶಯವನ್ನೂ ತೆಗೆದಿದ್ದರೋ ಇಲ್ಲವೋ ಆಕೆಗೆ ಇವತ್ತಿಗೂ ಗೊತ್ತಿಲ್ಲ. ಡಿಸ್ಚಾರ್ಜ್ ಕಾರ್ಡನ್ನು ನಾವಿಬ್ಬರೂ ಬಿಸಿಲಿಗೆ ಹಿಡಿದು ನೋಡಿದೆವು. ಆ ಸಾಲಿನ ಕೈಬರಹ ನಮಗೆ ಓದಲು ಬರಲಿಲ್ಲ.

ರೋಗಿಯ ಹಕ್ಕು ಎಂದರೆ ಕೋರ್ಟು, ಪರಿಹಾರ, ಆಸ್ಪತ್ರೆ ಮುಂದೆ ಧರಣಿ ಎಂದೇ ನಮ್ಮ ಚರ್ಚೆ ಓಡುತ್ತದೆ. ನನಗೆ ಆ ಕಟ್ಟೆಯ ಮೇಲೆ ಅನ್ನಿಸಿದ್ದು ಬೇರೆ. ಎಲ್ಲ ಹಕ್ಕುಗಳೂ ಒಂದು ಕಾಗದದಿಂದ ಶುರುವಾಗುತ್ತವೆ. ಆ ಕಾಗದದಲ್ಲಿ ಏನು ಬರೆದಿದೆ, ಅದನ್ನು ರೋಗಿಗೆ ಓದಿ ಹೇಳಿದ್ದಾರೆಯೇ, ಅದರ ಪ್ರತಿ ಅವಳ ಕೈಗೆ ಸಿಕ್ಕಿದೆಯೇ ಎಂಬಲ್ಲಿಯೇ ಅರ್ಧ ಪ್ರಕರಣ ತೀರ್ಮಾನ ಆಗಿರುತ್ತದೆ.

ಕಾನೂನು ಈ ವಿಷಯದಲ್ಲಿ ಮಸುಕಾಗಿಯೇನೂ ಇಲ್ಲ. ಸಮೀರಾ ಕೊಹ್ಲಿ ಪ್ರಕರಣ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. 1995ರಲ್ಲಿ ದೆಹಲಿಯ 44 ವರ್ಷದ ಅವಿವಾಹಿತೆಯೊಬ್ಬರು ಅತಿಯಾದ ಮುಟ್ಟಿನ ಸ್ರಾವಕ್ಕೆ ಪರೀಕ್ಷೆ ಮಾಡಿಸಲು ಹೋದರು. ಲ್ಯಾಪರೋಸ್ಕೋಪಿ ತಪಾಸಣೆಗೆ ಒಪ್ಪಿ ಅರಿವಳಿಕೆ ತೆಗೆದುಕೊಂಡರು. ಅವರಿಗೆ ಪ್ರಜ್ಞೆ ಇಲ್ಲದಿರುವಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯಲಾಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ಮೊದಲು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ಪ್ರಾಣಕ್ಕೆ ತಕ್ಷಣದ ಅಪಾಯ ಇಲ್ಲದಿದ್ದಾಗ ವಯಸ್ಕ ರೋಗಿಯ ಪರವಾಗಿ ತಾಯಿ ಒಪ್ಪಿದರೂ ನಡೆಯುವುದಿಲ್ಲ, ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟದ್ದಲ್ಲ ಎಂದರು. ಚಿಕಿತ್ಸೆ ಏನು, ಯಾಕೆ, ಬೇರೆ ದಾರಿ ಇದೆಯೇ, ಮುಖ್ಯ ಅಪಾಯಗಳೇನು, ಬೇಡ ಎಂದರೆ ಏನಾಗುತ್ತದೆ, ಇಷ್ಟನ್ನಾದರೂ ಹೇಳಲೇಬೇಕು ಎಂದರು. ಅಷ್ಟೆಲ್ಲ ಆಗಿ ಸಿಕ್ಕ ಪರಿಹಾರ 25,000 ರೂಪಾಯಿ. ಶಸ್ತ್ರಚಿಕಿತ್ಸೆಯ ಶುಲ್ಕವೂ ವೈದ್ಯರಿಗೆ ಸಲ್ಲಬಾರದು ಎಂದಾಯಿತು.

ಆ ತೀರ್ಪಿನ ಒಂದು ಭಾಗವನ್ನು ನಾನು ಒಪ್ಪಲಾರೆ. ಅಮೆರಿಕದಲ್ಲಿ ಇರುವಂತೆ ಎಲ್ಲ ಅಪಾಯಗಳನ್ನೂ ರೋಗಿಗೆ ವಿವರಿಸುವ ಕಟ್ಟುಪಾಡು ನಮ್ಮಲ್ಲಿ ಬೇಡ, ಇಲ್ಲಿನ ಬಡತನ, ಅನಕ್ಷರತೆ, ವೈದ್ಯರ ಮೇಲಿನ ನಂಬಿಕೆ ಬೇರೆ ಎಂಬ ಧಾಟಿ ಅದರಲ್ಲಿದೆ. ಅಕ್ಷರ ಬಾರದವರಿಗೆ ಕಡಿಮೆ ಹೇಳಿದರೆ ಸಾಕೇ? ನನ್ನ ಪ್ರಕಾರ ಅವರಿಗೇ ಹೆಚ್ಚು ಹೊತ್ತು ಕೂತು ಹೇಳಬೇಕು. ಓದಿದವರು ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕಿಯಾದರೂ ತಿಳಿದುಕೊಳ್ಳುತ್ತಾರೆ.

ಇನ್ನೊಂದು ವಿಚಿತ್ರ ನೋಡಿ. ವೈದ್ಯರ ನಡತೆಯನ್ನು ಇವತ್ತಿಗೂ ಆಳುತ್ತಿರುವುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ. 2023ರ ಆಗಸ್ಟ್‌ನಲ್ಲಿ ಹೊಸದು ಬಂತು, ಅದೇ ತಿಂಗಳೊಳಗೆ ತಡೆಹಿಡಿಯಲ್ಪಟ್ಟಿತು. ಆ ಹಳೆಯ ನಿಯಮದಲ್ಲಿ ಆಪರೇಷನ್‌ಗೆ ಲಿಖಿತ ಒಪ್ಪಿಗೆ ಕೊಡುವವರ ಸಾಲಿನಲ್ಲಿ ಗಂಡ ಅಥವಾ ಹೆಂಡತಿ ಮೊದಲು, ಪಾಲಕರು ಆಮೇಲೆ, ರೋಗಿ ಕಟ್ಟಕಡೆಗೆ. ಮಕ್ಕಳಾಗದಂತೆ ಮಾಡಬಹುದಾದ ಶಸ್ತ್ರಚಿಕಿತ್ಸೆಗೆ ಗಂಡ-ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕೆಂದು ಬೇರೆ ಹೇಳಿದೆ. ಸುಪ್ರೀಂ ಕೋರ್ಟು ತಾಯಿಯ ಮಾತೂ ನಡೆಯುವುದಿಲ್ಲ ಎಂದ ಮೇಲೂ ಯಲಬುರ್ಗಾದ ಆ ಹಾಳೆಯಲ್ಲಿ ಗಂಡನ ಸಹಿ ಮೇಲೆ, ಹೆಂಡತಿಯ ಹೆಬ್ಬೆಟ್ಟು ಕೆಳಗೆ ಇದ್ದದ್ದು ಬರೀ ಆ ಆಸ್ಪತ್ರೆಯ ರೂಢಿಯಲ್ಲ.

ಆ ಊರಿನಿಂದ ಕುಷ್ಟಗಿಗೆ ಬಂದೆ. ಬಸ್ ನಿಲ್ದಾಣದ ಹತ್ತಿರದ ಒಂದು ಮೆಡಿಕಲ್ ಶಾಪಿನ ಕೌಂಟರಿಗೆ ಒರಗಿ ನಿಂತವಳು ಬಸ್ಸು ತಪ್ಪಿಸಿಕೊಂಡು ನಿಂತೇ ಬಿಟ್ಟೆ. ಆ ಅಂಗಡಿಯವರು ಮಾಡುತ್ತಿದ್ದುದನ್ನು ಎಷ್ಟು ನೋಡಿದರೂ ಸಾಲದು. ಚೀಟಿ ಓದುತ್ತಾರೆ, ಗುಳಿಗೆ ಪಟ್ಟಿ ಎತ್ತಿಕೊಳ್ಳುತ್ತಾರೆ, ಬಾಲ್‌ಪೆನ್ನಿನಿಂದ ಅದರ ಬೆನ್ನಿನ ಮೇಲೆ ಚಿತ್ರ ಬಿಡಿಸುತ್ತಾರೆ. ಬೆಳಿಗ್ಗೆಯದಕ್ಕೆ ಸೂರ್ಯ, ರಾತ್ರಿಯದಕ್ಕೆ ಅರ್ಧಚಂದ್ರ. ಊಟಕ್ಕೆ ಮುಂಚೆ ನುಂಗುವುದಾದರೆ ಖಾಲಿ ವೃತ್ತ, ಅಂದರೆ ಖಾಲಿ ತಾಟು. ಊಟವಾದ ಮೇಲೆ ಎಂದಿದ್ದರೆ ವೃತ್ತದೊಳಗೆ ಗೀಟು ಎಳೆದು ತುಂಬುತ್ತಾರೆ. ಕಣ್ಣು ಮಂಜಾದ ಅಜ್ಜನಿಗೆ ಬಿಪಿ ಗುಳಿಗೆಯ ಪಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿದರು, ಸಕ್ಕರೆ ಕಾಯಿಲೆಯದನ್ನು ಹಾಗೇ ಬಿಟ್ಟರು. ‘ಕೈಯಾಗ ಹಿಡದ್ರ ಗೊತ್ತಾಗ್ತೈತಿ ನೋಡ ಯಜ್ಜಾ’ ಎಂದು ಎರಡನ್ನೂ ಅಜ್ಜನ ಅಂಗೈಗೆ ಇಟ್ಟು, ಯಾವುದು ಯಾವುದೆಂದು ಅಜ್ಜನ ಬಾಯಿಂದಲೇ ಹೇಳಿಸಿದರು. ಅರ್ಧ ಪಟ್ಟಿ ಕೊಡುವಾಗ ಕತ್ತರಿ ಹಾಕುವುದರಲ್ಲೂ ಲೆಕ್ಕವಿದೆ, ಔಷಧಿಯ ಹೆಸರು ಮತ್ತು ಅವಧಿ ಮುಗಿಯುವ ತಾರೀಖು ಇರುವ ತುದಿ ಗಿರಾಕಿಯ ಕೈಗೆ ಹೋಗುವಂತೆ ಕತ್ತರಿಸುತ್ತಾರೆ. ವೈದ್ಯರು ಹೇಳಬೇಕಾದ ಮಾತನ್ನೆಲ್ಲ ಆ ಮನುಷ್ಯ ಕೌಂಟರಿನ ಆಚೆ ನಿಂತು ಹೇಳುತ್ತಿದ್ದರು. ಅದರ ಬಗ್ಗೆ ನನಗೆ ಅಪಾರ ಗೌರವ. ಆದರೆ ಅಜ್ಜನ ಕಾಯಿಲೆ ಯಾವುದೆಂದು ಅಲ್ಲಿ ನಿಂತಿದ್ದ ಎಲ್ಲರಿಗೂ ತಿಳಿದುಹೋಯಿತು. ಗುಟ್ಟು ಕಾಯುವುದು ವೈದ್ಯರ ಕೋಣೆಯಲ್ಲಿ ಸಾಧ್ಯ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಎಲ್ಲಿಂದ ಸಾಧ್ಯ?

ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಪುರುಷೋತ್ತಮ ಬಿಳಿಮಲೆ ಅವರು 2024ರಲ್ಲಿ ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದಾಗ ಪರ-ವಿರೋಧದ ಮಾತು ಜೋರಾಗಿ ನಡೆಯಿತು. ಔಷಧಿಯ ಹೆಸರು ಇಂಗ್ಲಿಷಿನಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ. 2016ರ ತಿದ್ದುಪಡಿಯಲ್ಲಿ ವೈದ್ಯಕೀಯ ಪರಿಷತ್ತು ಹೇಳಿದಂತೆ ಜೆನೆರಿಕ್ ಹೆಸರನ್ನು, ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆದರೆ ಅಂಗಡಿಯವರಿಗೆ ತಪ್ಪಾಗದು. ಕನ್ನಡದಲ್ಲಿ ಇರಲೇಬೇಕಾದ್ದು ಕಾಯಿಲೆಯ ಹೆಸರು, ನುಂಗುವ ಕ್ರಮ, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂಬ ಎಚ್ಚರಿಕೆ. ಎಲ್ಲಕ್ಕಿಂತ ಮೊದಲು ಸಮ್ಮತಿ ಪತ್ರ.

ಕೊಪ್ಪಳದ ಬಗ್ಗೆ ಹೀಗೆ ಯೋಚಿಸಿದವರಲ್ಲಿ ನಾನೇ ಮೊದಲಿಗಳಲ್ಲ. ರಾಯಚೂರಿನಿಂದ ಬೇರೆಯಾಗಿ 1997ರಲ್ಲಿ ಜಿಲ್ಲೆಯಾದ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಐಐಎಂನ ಗೀತಾ ಸೇನ್ ಮತ್ತು ಸಂಗಡಿಗರಾದ ಅದಿತಿ ಅಯ್ಯರ್, ಆಶಾ ಜಾರ್ಜ್ ಇಲ್ಲಿನ ಹಳ್ಳಿಗಳಲ್ಲಿ ಬಾಣಂತಿಯರ ಸಾವನ್ನು ಹಿಂಬಾಲಿಸಿದರು. 2005ರ ಅವರ ವರದಿ ತಪ್ಪನ್ನು ಬರೀ ಬಡತನದ ಮೇಲೆ ಹಾಕಲಿಲ್ಲ. ಮಾಹಿತಿ ದಾಖಲಿಸುವ ವ್ಯವಸ್ಥೆ ದುರ್ಬಲ, ಒಬ್ಬರು ನೋಡಿದ್ದನ್ನು ಮುಂದಿನವರು ಮುಂದುವರಿಸುವುದಿಲ್ಲ, ‘ದೊಡ್ಡಾಸ್ಪತ್ರೆಗೆ ಒಯ್ಯಿರಿ’ ಎಂದು ಕಳಿಸುವುದಕ್ಕೆ ಗೊತ್ತು ಗುರಿ ಇಲ್ಲ, ಉತ್ತರದಾಯಿತ್ವ ಸೊಟ್ಟಗಾಗಿದೆ ಎಂದಿತು. ಬೇಗ ಹೆರಿಗೆಯಾಗಲೆಂದು ಹಳ್ಳಿಯಲ್ಲೇ ಚುಚ್ಚುವ ಆಕ್ಸಿಟೋಸಿನ್ ಇಂಜೆಕ್ಷನ್ನಿನ ಅಪಾಯವನ್ನೂ ಎತ್ತಿ ತೋರಿಸಿತು. ಅದೇ ಬಳಗದಿಂದ 2013ರಲ್ಲಿ ಬಂದ ಇನ್ನೊಂದು ಪ್ರಬಂಧಕ್ಕೆ ಕುರೊಸಾವಾ ಅವರ ‘ರಾಶೊಮಾನ್’ ಸಿನಿಮಾದ ಹೆಸರು ತಗುಲಿಕೊಂಡಿದೆ. ಒಂದೇ ಸಾವಿನ ಬಗ್ಗೆ ಮನೆಯವರದು ಒಂದು ಕಥೆ, ಆರೋಗ್ಯ ಸಿಬ್ಬಂದಿಯದು ಇನ್ನೊಂದು, ಅವುಗಳನ್ನು ತಾಳೆ ಹಾಕಿ ನಿಜ ಹುಡುಕುವುದು ಹೇಗೆ ಎಂಬುದೇ ಅದರ ವಿಷಯ. ಬಾಣಂತಿಗೆ ಏನು ಕೊಟ್ಟರು, ಯಾವ ಹೊತ್ತಿಗೆ ಕೊಟ್ಟರು ಎಂಬ ನೆಟ್ಟಗಿನ ಕಾಗದ ಮನೆಯವರ ಕೈಯಲ್ಲಿದ್ದರೆ ಕಥೆಗಳು ಇಷ್ಟು ಕವಲೊಡೆಯುವುದಿಲ್ಲ ಎಂದು ಓದುವಾಗ ಮತ್ತೆ ಮತ್ತೆ ಅನ್ನಿಸಿತು. 2024ರ ನವೆಂಬರಿನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ಸತ್ತು, ಅನುಮಾನ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಕಡೆ ತಿರುಗಿದಾಗಲೂ ಕೊನೆಗೆ ಬೇಕಾದದ್ದು ಇಂಥದೇ ದಾಖಲೆ, ಯಾರಿಗೆ ಯಾವ ಬ್ಯಾಚಿನ ಬಾಟಲಿ ಏರಿಸಿದರು ಎಂಬುದು.

ಗರ್ಭಕೋಶದ ಮಾತಿಗೆ ಬಂದರೆ ಕಲಬುರಗಿ ಸೀಮೆಯ ತಾಂಡಾಗಳ ಕಥೆ ಎಲ್ಲರಿಗೂ ಗೊತ್ತು. 2015ರ ಸುಮಾರಿಗೆ ಎರಡು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ, ಅವರಲ್ಲಿ ಬಹಳಷ್ಟು ಲಂಬಾಣಿ ಮತ್ತು ದಲಿತ ಕುಟುಂಬದವರಿಗೆ, ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಆಗಿದೆ ಎಂಬ ವರದಿ ಹೊರಬಿತ್ತು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಬೆನ್ನು ಹತ್ತಿದವು. 2023ರ ಏಪ್ರಿಲ್‌ನಲ್ಲಿ ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಇಂಥವೇ ಪ್ರಕರಣಗಳ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಇದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಲು ಎಲ್ಲ ರಾಜ್ಯಗಳಿಗೂ ಹೇಳಿತು.

ಅದೇ ಓಡಾಟದಲ್ಲಿ ಗಂಗಾವತಿಗೂ ಹೋಗಿ, ಅಲ್ಲಿ ಆಸ್ಪತ್ರೆಗಳ ಸಾಲಿನುದ್ದಕ್ಕೂ ಬೋರ್ಡುಗಳನ್ನೇ ಓದುತ್ತಾ ನಡೆದೆ. ವೈದ್ಯರ ಮೇಲೆ ಹಲ್ಲೆ ಮಾಡಿದರೆ ಜೈಲು, ದಂಡ ಎಂಬ 2009ರ ಕಾಯ್ದೆಯ ಬೋರ್ಡು ಬಾಗಿಲಲ್ಲೇ, ದಪ್ಪ ಕನ್ನಡದಲ್ಲಿ ಇರುತ್ತದೆ. ಇರಬೇಕಾದ್ದೇ, ಹಲ್ಲೆಯನ್ನು ಯಾರೂ ಸಮರ್ಥಿಸಲಾಗದು. ರೋಗಿಗಳ ಹಕ್ಕುಗಳ ಸನ್ನದನ್ನು ಮಾತ್ರ ಹುಡುಕಬೇಕಾಯಿತು. ಒಂದು ಕಡೆ ಅದು ಮಹಡಿಯ ಮೆಟ್ಟಿಲಿನ ತಿರುವಿನಲ್ಲಿ, ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಸಿಕ್ಕಿತು. 2017ರ ನವೆಂಬರಿನಲ್ಲಿ, ಖಾಸಗಿ ವೈದ್ಯರ ಮುಷ್ಕರದ ಬೆನ್ನಲ್ಲೇ, ಬೆಳಗಾವಿ ಅಧಿವೇಶನದಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಮಂಡಿಸಿ ಪಾಸು ಮಾಡಿಸಿದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ತಿದ್ದುಪಡಿಯ ಸನ್ನದು ಅದು. ಜೈಲು ಶಿಕ್ಷೆಯ ಮಾತಿಗೆ ಆಗ ಎದ್ದ ಗದ್ದಲದಲ್ಲಿ ಸನ್ನದಿನ ಬಗ್ಗೆ ಯಾರೂ ಮಾತಾಡಲಿಲ್ಲ.

ಅಲ್ಲಿನ ಒಬ್ಬ ವೈದ್ಯರು ಮುಚ್ಚುಮರೆ ಇಲ್ಲದೆ ಮಾತಾಡಿದರು. ‘ಎಲ್ಲಾ ಅಪಾಯ ಹೇಳಿದ್ರ ಹೆದರಿ ಹುಬ್ಬಳ್ಳಿ ಬಸ್ ಹತ್ತಿಬಿಡ್ತಾರ್ರಿ. ಸಲೈನ್ ಹಚ್ಚಲಿಲ್ಲಂದ್ರ ಡಾಕ್ಟರ್ ಏನೂ ಮಾಡಲಿಲ್ಲ ಅಂತಾರ.’ ಅವರ ಕೋಣೆಯ ಹೊರಗೆ ಕಾದಿದ್ದ ಜನಜಂಗುಳಿ ನೋಡಿದರೆ ಆ ಮಾತನ್ನು ತಳ್ಳಿಹಾಕಲಾಗದು. ಆದರೂ ಯಾರೋ ಹೆದರಿಯಾರು ಎಂದು ಆಪರೇಷನ್ನಿನ ಹೆಸರನ್ನೇ ಬರೆಯದೆ ಬಿಡುವುದಕ್ಕೆ ಅದು ಸಮಜಾಯಿಷಿ ಆಗದು.

ಕೇಳುವ ದಾರಿಗಳಿವೆ. ಒಳರೋಗಿಯ ದಾಖಲೆಯನ್ನು ವೈದ್ಯರು ಮೂರು ವರ್ಷ ಕಾಯ್ದಿಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಸ್ವೀಕರಿಸಿದ್ದಕ್ಕೆ ಮುದ್ರೆ ಹಾಕಿಸಿಕೊಂಡರೆ ಸಾಕು. ಖಾಸಗಿ ಆಸ್ಪತ್ರೆಯ ಮೇಲಿನ ದೂರಿಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ, ವೃತ್ತಿಧರ್ಮ ಮೀರಿದ್ದಕ್ಕೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ಯಲಬುರ್ಗಾದ ಆಕೆಗೆ ಈ ಮೂರು ವರ್ಷ, ಎರಡು ವರ್ಷ ಎರಡೂ ಮೀರಿವೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ 1995ರ ವಿ.ಪಿ. ಶಾಂತಾ ತೀರ್ಪಿನ ಪ್ರಕಾರ ಗ್ರಾಹಕರ ಕಾನೂನಿನ ಹೊರಗೆ. ದುಡ್ಡು ಕೊಡಲಾಗದೆ ಅಂಥಲ್ಲಿಗೇ ಹೋಗುವವರಿಗೆ ಆ ಬಾಗಿಲೂ ಇಲ್ಲ ಎಂದಾಯಿತು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

2015ರಿಂದ ಕೊಪ್ಪಳದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. 2019ರಲ್ಲಿ ಬದಲಾದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡತೆ, ನೀತಿ, ಸಂವಹನಕ್ಕೆಂದೇ ಪಾಠಗಳಿವೆ, ಶುರುವಿನಲ್ಲೇ ಸ್ಥಳೀಯ ಭಾಷೆಯ ತರಗತಿಯೂ ಇದೆ. ಒಂದು ಸಮ್ಮತಿ ಪತ್ರವನ್ನು ಕುಷ್ಟಗಿಯ ಕನ್ನಡದಲ್ಲಿ ಎದುರಿಗಿರುವವರಿಗೆ ಹೇಳಿ, ಅವರ ಬಾಯಿಂದಲೇ ಮತ್ತೆ ಹೇಳಿಸಿ, ಖಾಲಿ ಗೆರೆಗಳನ್ನು ಅವರ ಕಣ್ಣೆದುರೇ ತುಂಬುವ ಪ್ರಾಯೋಗಿಕ ಪರೀಕ್ಷೆಯನ್ನು ಕಾಲೇಜು ಈ ವರ್ಷದಿಂದಲೇ ಇಡಬೇಕು. ಅದಕ್ಕೆ ಅಂಕವೂ ಇರಬೇಕು.